ಕರಡಿ ಬಿಚ್ಚಿದ ಚೀಲ

ಸೆಪ್ಟೆಂಬರ್ 9, ಸೋಮವಾರ. ಬೆಳಿಗ್ಗೆ

ರಕ್ತದಲ್ಲಿ ಸಕ್ಕರೆ ಮತ್ತೆ ಏರಿದೆ. ನಿನ್ನೆ ಬರೀ ಆಲೂಗಡ್ಡೆ ತಿಂದಿದ್ದೆ — ಬರೀ ಅಂದರೆ, ಗೆಳತಿ ಲೆಂಪಿ ತಂದ ಬ್ರೆಡ್ಡಿನ ಒಂದು ಚೂರೂ ಸೇರಿ. ವಾಸನೆ ತಡೆಯಲಾಗಲಿಲ್ಲ. ಏಲಕ್ಕಿ ಹಾಕಿ, ಜಡೆ ಹೆಣೆದ ಹಾಗೆ ಹೆಣೆದು, ಮೇಲೆ ಸಕ್ಕರೆ ಉದುರಿಸುತ್ತಾಳೆ. ನನ್ನ ಕಾಲು ತಿಂದದ್ದು ಇದೇ ಸಕ್ಕರೆ. ಅದನ್ನೇ ಮನೆಬಾಗಿಲಿಗೆ ತಂದುಕೊಡುತ್ತಾರೆ, ಪ್ರೀತಿಯಿಂದ.

ಇವತ್ತು ಪಕ್ಕದ ಮನೆಯ ಕೆರ್ತುವಿನ ಸರದಿ. ಮಕರೋನಿ. ಪಾತ್ರೆ ಇನ್ನೂ ಸುಡುತ್ತಿತ್ತು.

"ತಿನ್ನೇ ಸಾಯ್ಮಿ, ಸೊರಗಿ ಕಡ್ಡಿ ಆಗಿದ್ದೀಯ."

"ತಿಂತೀನಿ ಕಣೇ."

"ಮೊನ್ನೆ ತಂದಿದ್ದು ಹೇಗಿತ್ತು?"

"ಪಾತ್ರೆ ನೆಕ್ಕೋ ಹಾಗಿತ್ತು."

ಸುಳ್ಳು. ಮೊನ್ನೆಯದು ಕಸದ ಚೀಲದಲ್ಲಿದೆ. ಅವಳು ತನ್ನ ಗೇಟು ದಾಟಿದ ಮೇಲೆ ಇವತ್ತಿನದನ್ನೂ ಸುರಿದೆ. ಪಾತ್ರೆ ಮಾತ್ರ ಫಳಫಳ ತೊಳೆದಿಟ್ಟೆ. ತಳದಲ್ಲಿ ಅಂಟಿಸಿದ ಹೆಸರಿನ ಚೀಟಿ ನೆನೆಯದ ಹಾಗೆ.

ಜೂನಿನಲ್ಲಿ ಒಂದು ಕಾಲಿಗೆ ಮೊಣಕಾಲ ಕೆಳಗೆ ಏನೂ ಇಲ್ಲದೆ ಆಸ್ಪತ್ರೆಯಿಂದ ಬಂದೆನಲ್ಲ, ಅವತ್ತೇ ನಮ್ಮೂರ ಮಹಿಳಾ ಸಂಘದವರು ನನಗೆ ಊಟ ತರಲು ಸರದಿ ಹಾಕಿಕೊಂಡರು. ಕೆರ್ತುವಿನ ತಮ್ಮ ವಿಲ್ಹೊ ಮೆಟ್ಟಿಲ ಮೇಲೆ ಹಲಗೆ ಬಡಿದು ವೀಲ್‌ಚೇರಿಗೆ ಇಳಿಜಾರು ಮಾಡಿಕೊಟ್ಟ. ಬೇಡ ಅನ್ನುವ ಬಾಯಿ ನನಗೆಲ್ಲಿ? ಮರ ಕಡಿಯುವ ಕ್ಯಾಂಪಿನಲ್ಲಿ ಅಡುಗೆಯವಳಾಗಿದ್ದಾಗ ಇವರ ಗಂಡಂದಿರ ತಟ್ಟೆಯಲ್ಲಿ ಒಂದು ತುತ್ತು ಉಳಿದರೂ ಸೌಟು ಎತ್ತುತ್ತಿದ್ದವಳು ನಾನು. ಒಂದು ಸಲ ಲೆಂಪಿಗೆ ಹೇಳಿದೆ, ಸಿಹಿ ಕಮ್ಮಿ ಮಾಡೇ ಅಂತ. ಅವಳ ಮುಖ ಬಾಡಿಹೋಯಿತು. ಗಂಡ ಸತ್ತ ಮೇಲೆ ಹಿಟ್ಟಿಗೆ ಕೈ ಹಾಕಿರಲಿಲ್ಲವಂತೆ. ನನಗಾಗಿ ಮತ್ತೆ ಹಾಕಿದ್ದಾಳೆ. ಆಮೇಲೆ ನಾನು ಬಾಯಿ ಬಿಡಲಿಲ್ಲ.

ಈಗ ಕಸದ ಚಿಂತೆ. ಕಸ ಒಯ್ಯುವವನೂ ವಿಲ್ಹೊನೇ. ಹೋದ ತಿಂಗಳು ಚೀಲ ಎತ್ತಿ, "ಏನಕ್ಕಾ, ಯಾರನ್ನ ಕೊಂದು ತುಂಬಿದ್ದೀಯ?" ಅಂದ. ನಕ್ಕ. ನಾನೂ ನಕ್ಕೆ. ಅಂದಿನಿಂದ ಅವನಿಗೆ ಒಂದೇ ಚೀಲ. ಮಿಕ್ಕವು ಹಿಂದಿನ ಜಾಲರಿ ಜಗಲಿಯಲ್ಲಿ, ಹಳೆ ಕಂಬಳಿ ಅಡಿಗೆ. ಚಳಿ ಬಿದ್ದರೆ ಹೆಪ್ಪುಗಟ್ಟುತ್ತವೆ. ಆಮೇಲೆ... ಆಮೇಲಿಂದು ಆಮೇಲೆ.

ಸೆಪ್ಟೆಂಬರ್ 11, ಬುಧವಾರ

ನರ್ಸ್ ಮಾರ್ಲೀನ್ ಬಂದಿದ್ದಳು, ಪಟ್ಟಣದಿಂದ. ಎರಡು ವಾರಕ್ಕೊಮ್ಮೆ ಅವಳ ಕಾರು. ಬ್ಯಾಂಡೇಜ್ ಬಿಚ್ಚಿದಳು. ಮೊಂಡುಗಾಲಿನ ತುದಿ ಕೆಂಪಗಾಗಿದೆ. ಮೂಗು ಸ್ವಲ್ಪ ಆ ಕಡೆ ತಿರುಗಿಸಿದಳು — ನೋಡಲಿಲ್ಲ ಅನ್ನುವ ಹಾಗೆ ಇದ್ದೆ.

"ಇದನ್ನ ಯಾರು ತೊಳೀತಾರೆ ಅಮ್ಮಾ? ಸ್ನಾನ ಯಾರು ಮಾಡಿಸ್ತಾರೆ?"

"ಕೆರ್ತು. ಪಕ್ಕದ ಮನೆಯವಳು."

"ದಿನಾ?"

"ದಿನಾ."

"ಸದ್ಯ. ಯಾರೂ ಇಲ್ಲ ಅಂದಿದ್ರೆ ನಿಮ್ಮ ಹೆಸರು ಪಟ್ಟಣದ ಆರೈಕೆ ಮನೆಗೆ ಬರೀಬೇಕಿತ್ತು. ಚರ್ಮ ಒಡೆದರೆ ಹೊಸ ಕಾಲು ಕೂರಲ್ಲ. ಕೀವಾದರೆ ಮೊಣಕಾಲೂ ಹೋಗುತ್ತೆ. ಹೆದರಿಸೋಕೆ ಹೇಳ್ತಿಲ್ಲ."

ಹೆದರಿಸಿಯಾಗಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮೂರ ಹೆಂಗಸರು ಚಿನ್ನ" ಅಂದಳು.

ಕೆರ್ತುವಿಗೆ ಏನು ಹೇಳಿದ್ದೇನೆ? ಸ್ನಾನ ನರ್ಸ್ ಮಾಡಿಸುತ್ತಾಳೆ ಅಂತ. ನರ್ಸಿಗೆ ಕೆರ್ತುವನ್ನು ತೋರಿಸಿದೆ, ಕೆರ್ತುವಿಗೆ ನರ್ಸನ್ನು. ನಡುವೆ ನಾನು ಕೊಳಕಾಗಿ ಕೂತಿದ್ದೇನೆ. ಸ್ನಾನದ ತೊಟ್ಟಿಯ ಅಂಚು ದಾಟಲು ಆಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಕೈಗೆ ಸಿಕ್ಕಷ್ಟು ಒರೆಸಿಕೊಳ್ಳುತ್ತೇನೆ. ಬೆನ್ನಿಗೆ ನೀರು ಬಿದ್ದು ಎಷ್ಟು ಕಾಲವಾಯಿತೋ.

ನಮ್ಮೂರಿಂದ ಆರೈಕೆ ಮನೆಗೆ ಹೋದ ಹಿಲ್ಯಾ ಅಲ್ಲಿ ಮಾತಾಡುವವರಿಲ್ಲದೆ, ಪಟ್ಟಣದವರಿಗೆ ಬಾರದ ನಮ್ಮ ಭಾಷೆಯನ್ನೇ ಮರೆತಳು. ಊಟ ಕೇಳಬಹುದು. ಊಟ ಕೇಳದೆಯೇ ಬರುತ್ತದೆ. ನನ್ನನ್ನು ತೊಳೆಯಿರಿ ಅಂತ ಹೇಗೆ ಕೇಳುವುದು?

ಸೆಪ್ಟೆಂಬರ್ 12, ಗುರುವಾರ

ಕೆರ್ತು ಒಳಗೆ ಬಂದವಳೇ ನಿಂತಳು. ಮೂಗು ಅರಳಿಸಿದಳು.

"ಮನೇಲಿ ಇಲಿ ಸತ್ತಿದೆಯೇನೇ?"

"ಇರಬಹುದು. ಹಲಗೆ ಸಂದಿಯಲ್ಲಿ."

"ವಿಲ್ಹೊನ ಕಳಿಸ್ತೀನಿ, ನೋಡ್ತಾನೆ."

"ಬೇಡ ಬೇಡ. ತಾನೇ ಹೋಗುತ್ತೆ."

"ಸತ್ತ ಇಲಿ ತಾನೇ ಎಲ್ಲಿಗೇ ಹೋಗುತ್ತೆ, ಮಾರಾಯ್ತಿ?"

ಜಗಲಿಯ ಚೀಲದ ವಾಸನೆಯೋ, ನನ್ನದೋ... ಅವಳು ಬರುವ ಮೊದಲು ಎರಡು ಕಿಟಕಿ ತೆರೆದಿಟ್ಟಿದ್ದೆ. ಆದರೂ.

ಹೋಗುವಾಗ ಕೇಳಿದಳು, ಶನಿವಾರ ಕೆರೆ ದಂಡೆಯ ಹಬೆಮನೆಗೆ ಸ್ನಾನಕ್ಕೆ ಯಾಕೆ ಬರಲ್ಲ ನೀನು, ಹೆಂಗಸರ ಹೊತ್ತಿನಲ್ಲಿ ನಿನ್ನ ಜಾಗ ಖಾಲಿ ಕಾಣುತ್ತೆ ಅಂತ. ನರ್ಸ್ ಬೇಡ ಅಂದಿದ್ದಾಳೆ ಅಂದೆ. ಇನ್ನೊಂದು ಸುಳ್ಳು. ಹುಟ್ಟಿದಾಗಿನಿಂದ ಆ ಹಲಗೆಗಳ ಮೇಲೆ ಎಲ್ಲರೆದುರು ಬತ್ತಲೆ ಕೂತವಳು. ಹೊಟ್ಟೆ ಜೋತಾಗ ನಾಚಲಿಲ್ಲ, ಮೊಲೆ ಜೋತಾಗ ನಾಚಲಿಲ್ಲ. ಈ ಮೊಂಡನ್ನು ಮಾತ್ರ ನನಗೇ ನೋಡಲಾಗುವುದಿಲ್ಲ. ಬ್ಯಾಂಡೇಜ್ ಬಿಚ್ಚುವಾಗ ಗೋಡೆ ನೋಡುತ್ತೇನೆ.

ಸೆಪ್ಟೆಂಬರ್ 14, ಶನಿವಾರ. ಸಂಜೆ

ಕೆರೆ ಕಡೆಯಿಂದ ಸೌದೆಯ ಹೊಗೆ. ಹೆಂಗಸರ ನಗು ಇಲ್ಲಿಗೂ ಕೇಳಿಸಿತು.

ಇವತ್ತು ಆಗಿದ್ದಾಗಲಿ ಅಂತ ಅಡುಗೆಮನೆಯಲ್ಲಿ ಬಕೆಟ್ ಇಟ್ಟು ಸ್ಟೂಲಿನ ಮೇಲೆ ಕೂತೆ. ಸೋಪು ಜಾರಿತು. ಹಿಡಿಯಲು ಬಗ್ಗಿದೆ. ನಾನೂ ಜಾರಿದೆ. ನೆಲಕ್ಕೆ ಬಿದ್ದದ್ದು ಮೊಂಡಿನ ಮೇಲೇ. ಫೋನು ಕೈಗೆ ಸಿಗುತ್ತಿತ್ತು. ಬತ್ತಲೆ, ಸೋಪಿನ ನೀರಿನಲ್ಲಿ — ಯಾರಿಗೆ ಮಾಡಲಿ? ತೆವಳಿ, ಮೇಜಿನ ಕಾಲು ಹಿಡಿದು ಎದ್ದೆ.

ಚರ್ಮ ಒಡೆದಿದೆ. ಸಣ್ಣ ಬಾಯಿಯ ಹಾಗೆ.

ಸೆಪ್ಟೆಂಬರ್ 15, ಭಾನುವಾರ. ಮಧ್ಯಾಹ್ನ

ದೇವರೇ. ಹೇಗೆ ಬರೆಯಲಿ.

ಬೆಳಗಿನ ಜಾವ ಹಿಂದೆ ಪರಪರ ಸದ್ದು. ಕರಡಿ. ಚಳಿಗಾಲದ ನಿದ್ದೆಗೆ ಮುಂಚೆ ಹೊಟ್ಟೆ ತುಂಬಿಕೊಳ್ಳುವ ಕಾಲ, ನನಗೆ ತಿಳಿಯದ್ದಲ್ಲ. ರಜಾಯಿ ಮುಸುಕು ಹಾಕಿಕೊಂಡೆ, ಹೋಗಲಿ ಅಂತ. ಹೋಯಿತು. ಬರಿಗೈಯಲ್ಲಿ ಹೋಗಲಿಲ್ಲ. ಜಾಲರಿ ಹರಿದು ಚೀಲಗಳನ್ನು ಎಳೆದಿದೆ. ನನ್ನ ಅಂಗಳದಿಂದ ಅಂಚೆಪೆಟ್ಟಿಗೆಗಳ ಸಾಲಿನವರೆಗೂ. ಪ್ರಾರ್ಥನೆ ಮುಗಿಸಿ ಊರು ಬರುವ ರಸ್ತೆ ಅದೇ.

ಕಿಟಕಿಯಿಂದ ನೋಡಿದೆ. ಒಬ್ಬೊಬ್ಬರೇ ನಿಂತರು. ಯಾರದು ಯಾವುದು ಅಂತ ಹೇಳಬೇಕಾಗಿರಲಿಲ್ಲ. ಮಕರೋನಿ, ಹಾಲು ಹಾಕಿದ ಮೀನಿನ ಸಾರು, ಬೀಟ್‌ರೂಟು, ಬೂಷ್ಟು ಹಿಡಿದ ಬನ್ನುಗಳು. ವಿಲ್ಹೊನ ಬಾಯಿ ಸುಮ್ಮನಿರಲಿಲ್ಲ: "ನೋಡು ಕೆರ್ತಕ್ಕಾ, ನಿನ್ನ ಬೀಟ್‌ರೂಟ್ ಕರಡಿಗೂ ಸೇರಿಲ್ಲ!"

ಯಾರೂ ನಗಲಿಲ್ಲ.

ಲೆಂಪಿ ಬಗ್ಗಿದಳು. ರಸ್ತೆಯಿಂದ ತನ್ನ ಬ್ರೆಡ್ಡು ಎತ್ತಿದಳು. ಹೆಣೆದ ಜಡೆ ಇನ್ನೂ ಬಿಚ್ಚಿರಲಿಲ್ಲ. ಮಣ್ಣು ತಟ್ಟಿದಳು. ಭಾನುವಾರದ ಕೋಟಿನ ಜೇಬಿಗೆ ಹಾಕಿಕೊಂಡಳು. ಯಾಕೆ ಹಾಕಿಕೊಂಡಳು? ಅದೊಂದು ಕಣ್ಣಿಂದ ಹೋಗುತ್ತಿಲ್ಲ.

ಕೆರ್ತು ಇಳಿಜಾರು ಹತ್ತಿ ಬಂದಳು. ಒಳಗೆ ಬರಲಿಲ್ಲ.

"ಯಾವತ್ತಿಂದ?"

"ಕೆರ್ತು, ನನಗೆ ಸಕ್ಕರೆ—"

"ಯಾವತ್ತಿಂದ ಅಂದೆ."

"ಮೊದಲಿಂದ."

"ಪಾತ್ರೆ ನೆಕ್ಕೋ ಹಾಗಿತ್ತು ಅಂದೆಯಲ್ಲೇ. ನೆಕ್ಕಿದ್ದು ಯಾರು ಅಂತ ಈಗ ಗೊತ್ತಾಯ್ತು. ಬೇಡ ಅನ್ನೋಕೆ ಬಾಯಿ ಇರಲಿಲ್ವಾ? ಕ್ಯಾಂಪಿನಲ್ಲಿ ಗಂಡಸರನ್ನ ನಡುಗಿಸ್ತಿದ್ದ ಬಾಯಿ ಎಲ್ಲಿ ಹೋಯ್ತು? ಕಾಲಿನ ಜೊತೆ ಅದನ್ನೂ ಕುಯ್ದರಾ?"

ಹೋದಳು.

ಸೆಪ್ಟೆಂಬರ್ 19, ಗುರುವಾರ

ಯಾರೂ ಬಂದಿಲ್ಲ.

ವಿಲ್ಹೊ ಬಂದ, ಮಾತಿಲ್ಲದೆ. ಜಾಲರಿಗೆ ಹಲಗೆ ಹೊಡೆದ, ಚೀಲಗಳನ್ನೆಲ್ಲ ಟ್ರಕ್ಕಿಗೆ ಹಾಕಿದ. ಕಾಫಿ ಕುಡೀತೀಯಾ ಅಂದೆ. ಆಗಿದೆ ಅಂದ. ತಮಾಷೆಯನ್ನೂ ಮಾಡಲಿಲ್ಲ.

ಡಬ್ಬಿ ಮೀನು, ಆಲೂಗಡ್ಡೆ, ಕೋಸು. ಸಕ್ಕರೆ ಇಳಿದಿದೆ. ಅವರು ಬರುವುದು ನಿಂತ ಮೇಲೆ ಇಳಿದಿದೆ — ಅದಕ್ಕೆ ಸಂತೋಷಪಟ್ಟೆನಲ್ಲ ಒಂದು ಕ್ಷಣ, ಅದಕ್ಕೂ ನಾಚಿಕೆ.

ಬ್ಯಾಂಡೇಜಿಗೆ ಹಳದಿ ಹತ್ತಿದೆ. ವಾಸನೆ ಈಗ ಚೀಲದ್ದಲ್ಲ. ಚೀಲ ಹೋಯಿತು.

ಸೆಪ್ಟೆಂಬರ್ 25, ಬುಧವಾರ. ಮಧ್ಯಾಹ್ನ

ಆದದ್ದೆಲ್ಲ ಬರೆದುಬಿಡುತ್ತೇನೆ.

ಬೆಳಿಗ್ಗೆ ಕೆರ್ತು ಬಂದಳು. "ನನ್ನ ದೊಡ್ಡ ಪಾತ್ರೆ ಕೊಡು. ಮಾತಾಡೋಕೆ ಬಂದಿಲ್ಲ" ಅಂದಳು. ಪಾತ್ರೆ ಕಂಕುಳಲ್ಲಿಟ್ಟು ತಿರುಗುವಷ್ಟರಲ್ಲಿ ಹೊರಗೆ ಕಾರು. ಮಾರ್ಲೀನ್. ಕೆರ್ತು ಬೇಗ ಹೋಗಲಿ, ಬೇಗ ಹೋಗಲಿ... ಬಾಗಿಲಲ್ಲೇ ಎದುರಾದರು.

"ನೀವೇನಾ ಕೆರ್ತು? ಇವರಿಗೆ ದಿನಾ ಸ್ನಾನ ಮಾಡಿಸೋರು ನೀವೇ ಅಂತಲ್ಲ!"

ಕೆರ್ತು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಈಗ ಅಂದುಬಿಡುತ್ತಾಳೆ. ಅನ್ನಲಿ. ಆರೈಕೆ ಮನೆ. ಮಾತಾಡುವವರಿಲ್ಲದ ಅಲ್ಲಿಯ ಕಾರಿಡಾರು.

"ಹೌದು," ಅಂದಳು ಕೆರ್ತು. "ನಾನೇ."

ಪಾತ್ರೆ ಮೆಲ್ಲಗೆ ಮೇಜಿನ ಮೇಲಿಟ್ಟಳು.

ಮಾರ್ಲೀನ್ ಬ್ಯಾಂಡೇಜ್ ಬಿಚ್ಚಿದಳು. ಕೋಣೆಯಲ್ಲಿ ಆ ವಾಸನೆ ಎದ್ದಿತು. ಅವಳ ಮುಖ ಬದಲಾಯಿತು. ಅಂಗಿ ಎತ್ತಿ ಬೆನ್ನು ನೋಡಿದಳು, ತೊಡೆಸಂದಿ ನೋಡಿದಳು.

"ಇದಾ ನೀವು ತೊಳೆಯೋ ಚೆಂದ? ಕಣ್ಣು ಕಾಣಲ್ವಾ ನಿಮಗೆ? ಎಷ್ಟು ದಿನದ ಕೊಳೆ ಇದು! ಆಗಲ್ಲ ಅಂದ್ರೆ ಆಗಲ್ಲ ಅನ್ನಬೇಕಿತ್ತು. ನಾಯಿಗಾದರೂ ಇದಕ್ಕಿಂತ ಚೆನ್ನಾಗಿ ನೀರು ಹಾಕ್ತಾರೆ."

ಇದನ್ನೆಲ್ಲ ಅಂದದ್ದು ಕೆರ್ತುವಿಗೆ. ಅವಳ ಮನೆಯ ನೆಲದ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು. ಊರಿನಲ್ಲಿ ಯಾರೂ ಅವಳಿಗೆ ಎದುರು ಮಾತಾಡಿದ್ದಿಲ್ಲ. ಮಗಳ ವಯಸ್ಸಿನವಳ ಮುಂದೆ ಕೈಕಟ್ಟಿ ನಿಂತು ಬೈಸಿಕೊಂಡಳು. ನನ್ನ ಕೊಳೆಗೆ. ಕತ್ತು ಕೆಂಪಾಗಿತ್ತು. ಬಾಯಿ ತೆರೆದೆ ನಾನು. ಧ್ವನಿ ಬರಲಿಲ್ಲ. ಬರಲಿಲ್ಲವೋ, ಬಿಡಲಿಲ್ಲವೋ.

"ತಪ್ಪಾಯ್ತು," ಅಂದಳು ಕೆರ್ತು. "ಹೇಗೆ ಅಂತ ತೋರಿಸಿ."

ನೆಲಕ್ಕೆ ಮಂಡಿಯೂರಿದಳು. ಮಂಡಿ ಲಟಕ್ ಅಂದಿತು. ಮಾರ್ಲೀನ್ ಅವಳ ಕೈ ಹಿಡಿದು ತೋರಿಸಿದಳು — ಉಜ್ಜಬೇಡಿ, ಒತ್ತಿ. ಮಡಿಕೆಯೊಳಗೆ ನೀರು ಉಳಿಯಬಾರದು. ಒಣಗಿದ ಮೇಲೇ ಕಟ್ಟಬೇಕು. ನಾನು ಗೋಡೆ ನೋಡಿದೆ. ಕೆರ್ತು ಮೊಂಡನ್ನೇ ನೋಡುತ್ತಿದ್ದಳು. ಹಿಟ್ಟಿನ ಹದ ನೋಡುವಂತೆ.

"ನಮ್ಮ ಹಬೆಮನೆಗೆ ಕರ್ಕೊಂಡು ಹೋಗಿ ತೊಳೀಬಹುದಾ?"

"ಹಬೆ ಬೇಡ. ಹೊರಗಿನ ಕೋಣೆ, ಬೆಚ್ಚಗಿನ ನೀರು, ಕೂರೋಕೆ ಗಟ್ಟಿ ಕುರ್ಚಿ. ಗಾಯ ನೆನೀಬಾರದು, ಪ್ಲಾಸ್ಟಿಕ್ ಕಟ್ಟಿ. ಗಾಯ ಇಲ್ಲಿ ಮನೇಲೇ, ನಾನು ತೋರಿಸಿದ ಹಾಗೆ." ಮಾತ್ರೆ ಬರೆದುಕೊಟ್ಟಳು. "ಮುಂದಿನ ಬುಧವಾರ ಬರ್ತೀನಿ. ಹೀಗೇ ಇದ್ರೆ ಆರೈಕೆ ಮನೆಗೆ ಬರೆದೇ ಬರೀತೀನಿ. ಇಬ್ಬರಿಗೂ ಹೇಳ್ತಿದ್ದೀನಿ."

ಕಾರು ಹೋಯಿತು. ಕೆರ್ತು ನೆಲದಲ್ಲೇ ಕೂತಿದ್ದಳು, ಏಳಲಾಗದೆ. ನಾನು ಕೈ ಕೊಟ್ಟೆ. ಹಿಡಿಯಲಿಲ್ಲ. ಮೇಜು ಹಿಡಿದು ಎದ್ದಳು.

"ನನ್ನ ಊಟ ಕರಡಿಗೆ ಹಾಕಿದೆ, ಸರಿ. ನನ್ನನ್ನ ಕರಡಿಗಿಂತ ಕಡೆ ಮಾಡಿದೆಯಲ್ಲೇ ಸಾಯ್ಮಿ. ಪಕ್ಕದ ಮನೇಲಿದ್ದೀನಿ. ಕೂಗಿದರೆ ಕೇಳುತ್ತೆ."

"ಹೇಗೆ ಕೇಳಲಿ ಕಣೇ..."

"ಹೇಗಾದರೂ. ನಾಳೆ ಬೆಂಕಿ ಹಾಕ್ತೀನಿ."

"ನಾಳೆ ಗುರುವಾರ!"

"ಗೊತ್ತು."

ಪಾತ್ರೆ ಬಿಟ್ಟೇ ಹೋಗಿದ್ದಾಳೆ.

ಸೆಪ್ಟೆಂಬರ್ 26, ಗುರುವಾರ. ಮಧ್ಯಾಹ್ನ

ಹೊಗೆ ಎದ್ದಿದೆ. ಶನಿವಾರ ಬಿಟ್ಟು ಬೇರೆ ದಿನ ಅಲ್ಲಿ ಹೊಗೆ ಏಳುವುದು ಬಾಣಂತಿಗೆ, ಇಲ್ಲವೇ ಹೆಣ ತೊಳೆಯಲಿಕ್ಕೆ. ನಮ್ಮ ಅಜ್ಜಿಯರ ಕಾಲದಿಂದ ಹಾಗೇ. ಊರೆಲ್ಲ ಕತ್ತೆತ್ತಿ ನೋಡುತ್ತಿರುತ್ತದೆ — ಯಾರಿಗೆ? ಸಾಯ್ಮಿಗಂತೆ. ಯಾಕೆ? ಮೈ ತೊಳೆದುಕೊಂಡಿಲ್ಲವಂತೆ.

ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೆ. ಸ್ನಾನಕ್ಕೆ ಹೋಗುವ ಮುಂಚೆ ಸ್ನಾನ. ಹುಚ್ಚಿ. ಬೆನ್ನಿಗೆ ಕೈ ಎಟುಕಲೇ ಇಲ್ಲ.

ಮೈ ಸರಿಯಿಲ್ಲ ಅಂದುಬಿಡಲೇ? ಜ್ವರ ಅಂತ. ಮಾತ್ರೆ ವಾಂತಿ ತರಿಸಿತು ಅಂತ. ಎಷ್ಟು ಬೇಗ ಸಿಗುತ್ತವೆ ಸುಳ್ಳುಗಳು, ಕೈಯಳತೆಯಲ್ಲೇ ಇಟ್ಟುಕೊಂಡ ಹಾಗೆ.

ಚಿಲಕ ಹಾಕಿದೆ.

ಬಂದರು. ಇಳಿಜಾರಿನ ಮೇಲೆ ಎರಡು ಜೋಡಿ ಹೆಜ್ಜೆ. ಕಿಟಕಿ ಸಂದಿಯಿಂದ ನೋಡಿದೆ: ಕೆರ್ತು. ಹಿಂದೆ ಲೆಂಪಿ, ಟವೆಲುಗಳನ್ನು ಎದೆಗವಚಿಕೊಂಡು. ಲೆಂಪಿಯೂ. ಅವಳಿಗೂ ಕಾಣಬೇಕೇ ಇದು.

"ಸಾಯ್ಮಿ. ಬಾಗಿಲು ತೆಗಿ."

ಬರೆಯುತ್ತಿದ್ದೇನೆ. ಪೆನ್ಸಿಲಿನ ಸದ್ದೂ ಕೇಳಿಸೀತು ಅನಿಸುತ್ತದೆ.

"ಮಲಗಿದ್ದಾಳೇನೋ ಕೆರ್ತು," ಲೆಂಪಿ.

"ಇವಳು ಮಲಗಿದ್ರೆ ಗೊರಕೆ ಕೆರೆ ತನಕ ಕೇಳುತ್ತೆ."

ಲೆಂಪಿ ನಕ್ಕಳು. ಆಮೇಲೆ ಬಾಗಿಲಿಗೆ ಬಾಯಿಟ್ಟು, ಮೆಲ್ಲಗೆ: "ಸಾಯ್ಮಿ, ಸಿಹಿ ಏನೂ ತಂದಿಲ್ಲ ಕಣೇ. ಬರೀ ಟವೆಲು."

ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿಲ್ಲ.

ಕೆರ್ತು ಬಡಿಯಲಿಲ್ಲ, ಕೂಗಲಿಲ್ಲ. ಇಳಿಜಾರಿನ ಹಲಗೆ ಕಿರ್ ಅಂದಿತು. ಕೂತುಬಿಟ್ಟಳು.

"ನೋಡೇ," ಅಂದಳು, "ನಾನು ಬೈಸಿಕೊಂಡಾಯ್ತು. ಬೈಸಿಕೊಂಡ ಕೆಲಸಾನ ಈಗ ಮಾಡೋಕೆ ಬಿಡು."

ಏನಾದರೂ ಹೇಳಬೇಕು. ತಪ್ಪಾಯ್ತು ಅನ್ನುವುದು ಸಾಲದು, ಅದನ್ನು ಅವಳು ನನ್ನ ಪರವಾಗಿ ನಿನ್ನೆಯೇ ಹೇಳಿಬಿಟ್ಟಿದ್ದಾಳೆ. ಕುರ್ಚಿ ಬಾಗಿಲ ಕಡೆ ತಿರುಗಿಸಿದೆ. ಪುಸ್ತಕ ತೊಡೆಯ ಮೇಲಿದೆ. ಚಿಲಕ ತೆಗೆದು ಇಷ್ಟು ಹೇಳುತ್ತೇನೆ: ಬೆನ್ನಿಂದ ಶುರು ಮಾಡು ಕೆರ್ತು, ಬೆನ್ನು ನನಗೆ ಎಟುಕು—