ಎದುರು ಪಕ್ಷದವರ ಹೆಸರು

ಅಮ್ಮನ ಕಚೇರಿ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಘನತೆವೆತ್ತ ನಿನ್ನ ಸನ್ನಿಧಿಗೆ ಈ ತರಲೆ ತಂಗಿಯ ವಿನಮ್ರ ಅರಿಕೆ. ಕಳೆದ ಪತ್ರದಲ್ಲಿ ಬರೆದಿದ್ದ ಬೆನ್ನುನೋವು ಹೇಗಿದೆ? ನಲ್ಲಿ ಈಗಲೂ ಸೋರುತ್ತಾ? ನಾನು ಕ್ಷೇಮ, ಅಮ್ಮನ ಮಂಡಿ ಅಷ್ಟಕ್ಕಷ್ಟೆ. ಅಮ್ಮ ಅಂದ ಕೂಡಲೇ ಕಾಗದ ಮಡಚಿಡಬೇಡ. ಈ ಸಲ ಪೂರ್ತಿ ಓದಲೇಬೇಕು.

ವ್ಯಾಪಾರದ ಜಗಳಗಳನ್ನು ಕೋರ್ಟಿಗೆ ಹೋಗದೆ ಬಗೆಹರಿಸುವ ಮಧ್ಯಸ್ಥರ ಸಮಿತಿಗೆ ಸೇರಲು ಅಮ್ಮ ಅರ್ಜಿ ಹಾಕಿದ್ದಾಳೆ. ಇಪ್ಪತ್ತಾರು ವರ್ಷ ಕಂಪನಿಗಳ ಪರ ವಾದಿಸಿ ಸಾಕಾಯಿತಂತೆ. "ಸುಮ್ಮನೆ ಕೂತಿದ್ದೀಯಲ್ಲ, ನನ್ನ ವೃತ್ತಿಯ ವಿವರ ಟೈಪ್ ಮಾಡು. ಕಿತಾಪತಿ ಬೇಡ" ಅಂದಳು. 'ಮನೆಯಲ್ಲಿ ಒಂದು ವಾದವನ್ನೂ ಸೋತವರಲ್ಲ' ಅಂತ ಸೇರಿಸಿ, ಒಲ್ಲದ ಮನಸ್ಸಿನಿಂದ ಅಳಿಸಿದೆ. ಆದರೆ ಒಂದು ಖಾನೆ ಇತ್ತು ನೋಡು: 'ನಿಮ್ಮ ಎದುರು ಪಕ್ಷದಲ್ಲಿದ್ದ ಒಬ್ಬರ ಹೆಸರು, ಫೋನ್ ನಂಬರು.' ಎದುರಾಳಿಯೂ ಮೆಚ್ಚುವ ವಕೀಲರೇ ಅವರಿಗೆ ಬೇಕಂತೆ. ಕೈ ಸುಮ್ಮನಿರಲಿಲ್ಲ, ನಿನ್ನ ಹೆಸರು ಬರೆದೆ. ಮೂರು ವರ್ಷದಿಂದ ಆ ಪದವಿ ನಿನ್ನದೇ ತಾನೆ? ಅಮ್ಮ ನೋಡಿ ಕಿವಿ ಹಿಂಡುತ್ತಾಳೆ ಅಂದುಕೊಂಡಿದ್ದೆ. ಓದದೆ ಸಹಿ ಹಾಕಬೇಡಿ ಅಂತ ಲೋಕಕ್ಕೆಲ್ಲ ಹೇಳುವವಳು, ಓದದೆ ಸಹಿ ಹಾಕಿ ಕಳಿಸಿಯೇಬಿಟ್ಟಳು.

ಇವತ್ತು ಬೆಳಿಗ್ಗೆ ಸಮಿತಿಯಿಂದ ಪ್ರಶ್ನೆ ಬಂತು: ಪಾಲುದಾರರಾಗಿದ್ದ ದೊಡ್ಡ ಕಚೇರಿ ಬಿಟ್ಟದ್ದೇಕೆ, ರಾಜೀನಾಮೆಯ ಪ್ರತಿ ಕಳಿಸಿ. ಮೆಟ್ಟಿಲು ಹತ್ತಲಾಗದೆ ಬಿಟ್ಟೆ ಅಂತ ನನಗೆ ಹೇಳಿದ್ದಳು. ಬೀರುವಿನಲ್ಲಿ ಹುಡುಕಿದೆ. ಅಕ್ಕಾ, ಸಿಕ್ಕಿತು. ನಿನ್ನ ಅಂಗಡಿಯ ಮಡಚುವ ಸ್ಟೂಲು ತಮ್ಮದರ ನಕಲು ಅಂತ ಆ ಕುರ್ಚಿ ಕಂಪನಿ ಅಮ್ಮನ ಆಗಿನ ಕಚೇರಿಯಿಂದ ನಿನಗೆ ನೋಟಿಸು ಕಳಿಸಿತ್ತಲ್ಲ, ರಾಜೀನಾಮೆ ಅದರ ಮರುದಿನದ್ದು. ಇದ್ದದ್ದು ಒಂದೇ ಸಾಲು: 'ನನಗೆ ತಿಳಿಸದೆ ನನ್ನ ಮಗಳಿಗೆ ನೋಟಿಸು ಕಳಿಸಿದ ಕಚೇರಿಯಲ್ಲಿ ನಾನು ಇನ್ನು ಕೂರಲಾರೆ.'

ಜೊತೆಗೆ ನೋಟಿಸಿನ ಪ್ರತಿಯೂ ಇತ್ತು. ಕೆಳಗಿನ ಸಹಿ ಅಮ್ಮನದಲ್ಲ, ಇನ್ನೊಬ್ಬ ಪಾಲುದಾರರದು! ನೀನು ಮೇಲೆ ಪಾಲುದಾರರ ಸಾಲಿನಲ್ಲಿ ಅಚ್ಚಾದ ಅಮ್ಮನ ಹೆಸರು ನೋಡಿ ಪೆಟ್ಟಿಗೆ ಕಟ್ಟಿ ಮನೆ ಬಿಟ್ಟೆ. ನಾನೂ ಅಷ್ಟನ್ನೇ ನೋಡಿ ನಿನ್ನ ಪೆಟ್ಟಿಗೆ ಹೊತ್ತುಕೊಟ್ಟೆ. ಪೂರ್ತಿ ಓದದವರ ವಂಶ ನಮ್ಮದು. "ಯಾಕಮ್ಮ ಹೇಳಲಿಲ್ಲ?" ಅಂದರೆ ಕನ್ನಡಕ ಒರೆಸುತ್ತಾ, "ಕಕ್ಷಿದಾರರ ವಿಷಯ ಮನೇಲಿ ಆಡಬಾರದು ಕಣೇ. ಅವರನ್ನ ಬಿಟ್ಟ ಮೇಲೂ" ಅಂದಳು. ಅಕ್ಕಾ, ಮೂರು ವರ್ಷ! ನನ್ನ ಬಾಯಿಂದ ಒಂದು ಜೋಕೂ ಹೊರಡಲಿಲ್ಲ, ಅಂದರೆ ನೀನೇ ಊಹಿಸು.

ಬೆನ್ನು ಜೋಪಾನ. ಭಾರ ಎತ್ತಬೇಡ.

ಸದ್ಯಕ್ಕೆ ನಿಶ್ಶಸ್ತ್ರಳಾಗಿರುವ ನಿನ್ನ
ತರಲೆ

ತಾ.ಕ.: ಸೋಮವಾರ ಹನ್ನೊಂದಕ್ಕೆ ಸಮಿತಿಯವರು ನಿನಗೆ ಫೋನ್ ಮಾಡುತ್ತಾರೆ, ಈ ವಕೀಲರು ಎಂಥವರು ಅಂತ ಕೇಳಲು. ಹೆಸರು ಬದಲಾಯಿಸಿ ಅಂತ ಬೇಡಿಕೊಂಡೆ, ಆಗುವುದಿಲ್ಲವಂತೆ. ತಪ್ಪೊಪ್ಪಿಕೊಂಡು ಅಮ್ಮನ ಮುಂದೆ ಕಿವಿ ಒಡ್ಡಿ ನಿಂತೆ. ಹಿಂಡಲಿಲ್ಲ. "ಅವರ ಫೋನಾದರೂ ಎತ್ತುತ್ತಾಳಾ?" ಅಂತಷ್ಟೇ ಕೇಳಿದಳು.