ಅಕ್ಕಿಯಲ್ಲಿ ಬರೆದ ಹೆಸರು

ಮಿರಜ
ಬುಧವಾರ, ತಾ. ೧೫-೧-೧೯೩೬

ಮಾಳಮಡ್ಡಿಯ ಮನೆಯ ಯಜಮಾನರಿಗೆ,

ನಿಮ್ಮ ಮನೆಯಾಕೆ ಮಾಡುವ ನಮಸ್ಕಾರಗಳು. ಅತ್ತೆಯವರಿಗೂ ತಿಳಿಸಿರಿ, ಅವರು ಕೇಳುವ ಮನಸ್ಸಿನಲ್ಲಿದ್ದರೆ.

ಇಂದು ಕರಿ. ಸಂಕ್ರಮಣದ ಮರುದಿನ ಯಾವ ಕೆಲಸಕ್ಕೂ ಕೈ ಹಾಕಬಾರದೆಂದು ಅತ್ತೆಯವರು ಅನ್ನುವುದು ನೆನಪಿದೆ. ಏನು ಮಾಡಲಿ, ಇಂದು ಟಪಾಲಿಗೆ ಹಾಕದಿದ್ದರೆ ಶನಿವಾರದೊಳಗೆ ನಿಮ್ಮ ಕೈ ಸೇರುವುದಿಲ್ಲ. ನನ್ನ ತಮ್ಮ ದತ್ತು ಹುಬ್ಬಳ್ಳಿಗೆ ಮರಳುವಾಗ ನಾಲ್ಕು ಲಕೋಟೆಗಳ ಮೇಲೆ ನಿಮ್ಮ ಹೆಸರು, ವಿಳಾಸ ಬರೆದಿಟ್ಟು ಹೋದ. ಗಂಡನ ಹೆಸರನ್ನು ಅಕ್ಕ ಬಾಯಿಂದ ಹೇಳುವವಳಲ್ಲ, ಕೈಯಿಂದ ಬರೆಯುವವಳೂ ಅಲ್ಲ ಎಂದು ಅವನಿಗೆ ಗೊತ್ತು. ಮೂರು ಲಕೋಟೆ ಕಳಿಸಿದೆ, ಒಂದಕ್ಕೂ ಉತ್ತರವಿಲ್ಲ. ಇದು ನಾಲ್ಕನೆಯದು.

ಹೆದರಬೇಡಿರಿ, ಬನ್ನಿರೆಂದು ಕರೆಯಲು ಬರೆಯುತ್ತಿಲ್ಲ. ನೀವು ಬರುವ ಅವಶ್ಯಕತೆಯೇನೂ ಇಲ್ಲ. ಆದರೆ ಹಿಂದಿನ ಪತ್ರಗಳಲ್ಲಿ ಎಲ್ಲವೂ ಛಲೋ ಇದೆ ಎಂದು ಬರೆದಿದ್ದೆನಲ್ಲ, ಅದು ಪೂರಾ ಖರೆಯಲ್ಲ.

ಬಂದ ಮೊದಲ ದಿನವೇ ನಾನೊಂದು ಪೆದ್ದತನ ಮಾಡಿದೆ. ಇಲ್ಲಿಯ ದವಾಖಾನೆಯಲ್ಲಿ ಹೊಸ ರೋಗಿಗಳನ್ನು ವಾರಕ್ಕೆ ಎರಡೇ ದಿನ ನೋಡುತ್ತಾರೆ. ಪಡಸಾಲೆಯಲ್ಲಿ ಕೂತಿದ್ದೆ, ದತ್ತು ಹೆಸರು ಬರೆಸಿ ಹಾಲು ತರಲು ಹೋಗಿದ್ದ. ಬಿಳಿ ಸೀರೆಯ ನರ್ಸಬಾಯಿ ಬಾಗಿಲಿಗೆ ಬಂದು ನಿರುಪಮಾಬಾಯಿ, ನಿರುಪಮಾಬಾಯಿ ಎಂದು ಮೂರು ಸಲ ಕೂಗಿದಳು. ಹೆಸರು ಎಷ್ಟು ಛಲೋ ಅದ, ಪಾಪ, ಈ ಪುಣ್ಯಾತಗಿತ್ತಿ ಎಲ್ಲಿ ಹೋಗಿ ಕೂತಾಳೋ ಎಂದುಕೊಳ್ಳುತ್ತ ನಾನೂ ಎಲ್ಲರ ಹಾಗೆ ಸುತ್ತಮುತ್ತ ನೋಡಿದೆ! ಆಕೆ ಒಳಗೆ ಹೋಗಿ ಬೇರೆಯವರನ್ನು ಕರೆದಳು. ದತ್ತು ಬಂದು ಕೇಳಿದಾಗ ನನಗೆ ಗೊತ್ತಾಯಿತು, ಆ ಪುಣ್ಯಾತಗಿತ್ತಿ ನಾನೇ ಎಂದು.

ನಗಬೇಡಿರಿ. ತವರಿನಲ್ಲಿ ನಾನು ಅಂಬಾ, ದತ್ತುವಿಗೆ ಅಂಬಕ್ಕ. ಅತ್ತೆಯವರಿಗೆ ಸೊಸಿ. ನಿಮಗೆ ಬರೀ "ಕೇಳಿದೇನು?" ಹನ್ನೆರಡು ವರ್ಷದ ಹಿಂದೆ, ಮದುವೆಯ ದಿನ, ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ನೀವು ನನ್ನ ಹೊಸ ಹೆಸರು ಬರೆದಿರಿ. ಬಗ್ಗಿ ಓದಿದಾಗ ಹದಿಮೂರು ವರ್ಷದ ನನಗೆ ಮೈ ಜುಮ್ಮೆಂದಿತ್ತು. ಇಷ್ಟು ಚೆಂದದ ಹೆಸರನ್ನು ನನಗಾಗಿ ಹುಡುಕಿದರಲ್ಲ ಎಂದು. ಆಮೇಲೆ ಆ ಅಕ್ಕಿ ಪಾಯಸಕ್ಕೆ ಹೋಯಿತು. ಹೆಸರನ್ನು ನೀವೂ ಕರೆಯಲಿಲ್ಲ, ಬೇರೆ ಯಾರೂ ಕರೆಯಲಿಲ್ಲ.

ಹೀಗೆ ಸರದಿ ತಪ್ಪಿತು. ನಾವು ಇಳಿದಿದ್ದ ಧರ್ಮಶಾಲೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಇರಗೊಡುವುದಿಲ್ಲ. ದತ್ತುವಿನ ರಜೆಯೂ ಮುಗಿಯಿತು. ದವಾಖಾನೆಯಲ್ಲಿ ಹಾಸಿಗೆ ಸಿಕ್ಕಿತು, ನೀನು ಹೋಗಪ್ಪ ಎಂದು ಸುಳ್ಳು ಹೇಳಿ ಅವನನ್ನು ಗಾಡಿ ಹತ್ತಿಸಿದೆ. ಪೆಟ್ಟಿಗೆ, ಹಾಸಿಗೆಯ ಸುರುಳಿ ಇಟ್ಟುಕೊಂಡು ಒಬ್ಬಳೇ ಸ್ಟೇಶನ್ನಿನ ಮುಂದೆ ನಿಂತೆ. ಅಳುವೇ ಬಂತು. ಯಾಕೂಬಸಾಬ ಎಂಬ ಮುದುಕ ಟಾಂಗಾದವನು ನೋಡಿ, ಯಾಕ ತಂಗಿ, ಊರು ಯಾವುದು ಎಂದು ಕನ್ನಡದಲ್ಲೇ ಕೇಳಿದ. ಅವನೇ ನನ್ನನ್ನು ಓಣಿ ಓಣಿ ತಿರುಗಿಸಿದ. ಒಂದು ಮನೆಯವರು ರೋಗಿಗೆ ಕೋಣೆ ಕೊಡುವುದಿಲ್ಲವೆಂದರು. ಇನ್ನೊಂದು ಮನೆಯವರು ಗಂಡಸರಿಲ್ಲದ ಹೆಣ್ಣಿಗೆ ಕೊಡುವುದಿಲ್ಲವೆಂದು ಬಾಗಿಲು ಮುಚ್ಚಿದರು. ಮೂರನೆಯದು ಕಾಶೀಬಾಯಿಯದು. ವಿಜಾಪುರದ ಕಡೆಯ ವಿಧವೆ, ಎಪ್ಪತ್ತರ ಮೇಲೆ ವಯಸ್ಸು, ಮಡಿ ಹೆಂಗಸು. ಹೊಸ್ತಿಲಲ್ಲೇ ನಿಂತು ಗಂಡನ ಹೆಸರೇನೆಂದು ಕೇಳಿದಳು.

ಹೇಗೆ ಹೇಳಲಿ? ಯಾಕೂಬಸಾಬನಿಗೆ ಗೊತ್ತಿಲ್ಲ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲವೆಂದು ಅಲ್ಲೇ ಒಂದು ಕಟ್ಟಿ ಹೇಳಿದೆ:

ಮಿರಜಿನ ಓಣ್ಯಾಗ ಮಾಡ್ತಾರ ಸಿತಾರ,
ರಮಾಕಾಂತರಾಯರು ಧಾರವಾಡದ ಮಾಸ್ತರ.

ಯಾಕೂಬಸಾಬ ಗಡ್ಡ ಅಲುಗಾಡುವ ಹಾಗೆ ನಕ್ಕ. ಮುದುಕಿಯೂ ಸೋತಳು. "ಒಡಪು ಹೇಳಾಕಿ ಗಂಡನ್ನ ಬಿಟ್ಟು ಬಂದಾಕಿ ಅಲ್ಲ, ಒಳಗ ಬಾ" ಎಂದಳು. ಗಂಡನೇ ನನ್ನನ್ನು ಬಿಟ್ಟಿದ್ದಾನೋ ಏನೋ ನನಗೇ ಗೊತ್ತಿಲ್ಲ ಎಂದು ನಾನು ಹೇಳಲಿಲ್ಲ. ಹಿತ್ತಲ ಕಡೆಯ ಕೋಣೆ ಕೊಟ್ಟಿದ್ದಾಳೆ. ಒಲೆ ನನ್ನದೇ. ನೀರಿನ ಬಾವಿ ದೂರ, ಆದರೆ ಕೊಡ ಎತ್ತಲು ಆಕೆ ನನ್ನನ್ನು ಬಿಡುವುದಿಲ್ಲ. ದವಾಖಾನೆಯ ನೀರು ಮುಟ್ಟಿ ಬಂದಾಕಿ ಎಂದು ಅತ್ತೆಯವರು ನನ್ನನ್ನು ಹೊರಗೆ ನಿಲ್ಲಿಸಿಯಾರು. ಈ ಮಡಿ ಹೆಂಗಸು ನನ್ನ ಬೆನ್ನಿಗೆ ಬಿಸಿ ನೀರು ಹಾಕುತ್ತಾಳೆ.

ನಿನ್ನೆ ನೆರೆಮನೆಯವರು ಅರಿಷಿಣ-ಕುಂಕುಮಕ್ಕೆ ಕರೆದಿದ್ದರು. ಮತ್ತೆ ಒಡಪು, ಮತ್ತೆ ನಿಮ್ಮ ಹೆಸರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಕೋಣೆಗೆ ಬಂದು ಅತ್ತುಬಿಟ್ಟೆ. ಅವರು ಕೊಟ್ಟ ಕುಸುರೆಳ್ಳಿನಲ್ಲಿ ನಾಲ್ಕು ಕಾಳು ಈ ಲಕೋಟೆಯಲ್ಲಿಟ್ಟಿದ್ದೇನೆ. ತಿನ್ನಿರಿ, ಸಿಟ್ಟು ಬಿಡಿರಿ.

ಸಿಟ್ಟು ನನ್ನದೂ ಇತ್ತು. ಹೊರಡುವ ದಿನ ನೀವು ಸಾಲಿ ಹುಡುಗರ ಪುಸ್ತಕ ತಿದ್ದುತ್ತ ಕೂತಿದ್ದಿರಿ. ನಡುಮನೆಯ ಬಾಗಿಲಲ್ಲಿ ಎಷ್ಟೋ ಹೊತ್ತು ನಿಂತೆ. ತಲೆ ಎತ್ತಲಿಲ್ಲ. "ನೀವು ಬರೂದು ಬ್ಯಾಡ್ರಿ, ನನಗ ದತ್ತು ಇದ್ದಾನ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರುತ್ತೇನೆ ಎಂದು ನೀವು ಹಟ ಮಾಡುತ್ತೀರಿ ಎಂದುಕೊಂಡಿದ್ದೆ, ಮಾರಾಯರೆ!

ನೀವೇಕೆ ತಲೆ ಎತ್ತಲಿಲ್ಲ ಎಂಬುದು ನನಗೆ ಗೊತ್ತು. ಹೊಟ್ಟೆ ಬೆಳೆಯುವುದನ್ನು ನೋಡಿ ಹನ್ನೆರಡು ವರ್ಷಕ್ಕೆ ದೇವರು ಕಣ್ಣು ತೆರೆದನೆಂದು ಅತ್ತೆಯವರು ಹರಕೆ ಹೊತ್ತರು. ನೀವು ಬಣ್ಣದ ಗಿಲಕಿ ತಂದು ಪುಸ್ತಕದ ಕಪಾಟಿನ ಹಿಂದೆ ಬಚ್ಚಿಟ್ಟಿರಿ. ಕಸ ಹೊಡೆಯುವಾಗ ಕಂಡೆ, ಕಾಣದವಳ ಹಾಗೆ ಇದ್ದೆ. ಆಮೇಲೆ ಅದು ಕೂಸಲ್ಲ, ಗಡ್ಡೆ ಎಂದು ಗೊತ್ತಾಯಿತು. ಆ ದಿನದಿಂದ ನೀವು ನನ್ನ ಮುಖ ನೋಡಲಿಲ್ಲ. ನಾನೇ ನಿಮಗೆ ಮೋಸ ಮಾಡಿದೆನೆಂಬ ಹಾಗೆ ನನಗೂ ಅನಿಸುತ್ತಿತ್ತು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಸೋಮವಾರ ಬೆಳಿಗ್ಗೆ ಆಪರೇಶನ್. ಗಡ್ಡೆಯ ಜೊತೆಗೆ ಗರ್ಭದ ಚೀಲವನ್ನೂ ತೆಗೆಯಬೇಕೆಂದು, ಮುಂದಿನ ಸರದಿಯಲ್ಲಿ ನನ್ನನ್ನು ನೋಡಿದ ಡಾಕ್ಟರರು ಹೇಳಿದ್ದಾರೆ. ಆ ಗಿಲಕಿ ಇನ್ನು ನಮ್ಮ ಮನೆಗೆ ಬೇಡ. ಅತ್ತೆಯವರು ಬೇರೆ ಸಂಬಂಧ ನೋಡಿಯಾರು, ನೀವು ಹೂಂ ಅಂದರೂ ನಾನು ಏನೂ ಅನ್ನಲಾರೆ. ಅನ್ನಲಾರೆ ಎಂದು ಬರೆದೆ, ಸುಳ್ಳು. ಅಂದೇ ಅನ್ನುತ್ತೇನೆ. ಈ ಕೋಣೆಯಲ್ಲಿ ಕೂತು ಇಷ್ಟು ದಿನ ನಾನು ನೆನೆದದ್ದು ಇನ್ನೇನೂ ಅಲ್ಲ. ಸಾಲಿಯಿಂದ ಬಂದು ನೀವು ಅಂಗಳದಲ್ಲಿ ಚಪ್ಪಲಿ ಬಿಡುವ ಸಪ್ಪಳ, ಚಹಾದ ಬಟ್ಟಲು ಕೆಳಗಿಟ್ಟು "ಕೇಳಿದೇನು" ಅನ್ನುವುದು.

ಬರಬೇಕೆಂದಲ್ಲ, ಸುಮ್ಮನೆ ತಿಳಿಸುತ್ತೇನೆ. ಧಾರವಾಡದಲ್ಲಿ ಸಂಜೆಯ ಗಾಡಿ ಹತ್ತಿದರೆ ಬೆಳಿಗ್ಗೆ ಇಲ್ಲಿರಬಹುದು. ಬೆಳಗಾವಿ ದಾಟಿದರೆ ಚಳಿ ಬಹಳ, ಶಾಲು ಬೇಕು. ಕುಡಚಿಯ ಮುಂದೆ ಕೃಷ್ಣೆಯ ಸೇತುವೆ ಬಂದಾಗ ಎದ್ದು ಕೂತರೆ ಮಿರಜ ತಪ್ಪುವುದಿಲ್ಲ. ಸ್ಟೇಶನ್ನಿನಲ್ಲಿ ಯಾಕೂಬಸಾಬನ ಟಾಂಗಾ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕಾಶೀಬಾಯಿಯ ಮನೆ ಅವನಿಗೆ ಗೊತ್ತು.

ಇಂತು ನಿಮ್ಮ ಹಾದಿಯನ್ನು ಕಾಯದವಳು,
ನಿರುಪಮಾ

ತಾಜಾ ಕಲಮು: ಲಕೋಟೆ ಅಂಟಿಸುವ ಮುಂಚೆ ಇದೊಂದು ಮಾತು. ಆಪರೇಶನ್ ಆದ ಮೇಲೆ ರೋಗಿಗೆ ಎಚ್ಚರ ಬರುವತನಕ ಪಕ್ಕದಲ್ಲಿ ಕೂತು ಹೆಸರು ಹಿಡಿದು ಕರೆಯುತ್ತಾರಂತೆ. ಓಗೊಟ್ಟರೆ ಉಳಿದಳೆಂದು ಲೆಕ್ಕವಂತೆ. ಅವರು ನಿರುಪಮಾ ಎಂದೇ ಕರೆಯುತ್ತಾರೆ. ಆ ಹೆಸರಿಗೆ ನನಗೆ ರೂಢಿಯಿಲ್ಲವಲ್ಲ. ಯಾರೋ ಪುಣ್ಯಾತಗಿತ್ತಿಯನ್ನು ಕರೆಯುತ್ತಿದ್ದಾರೆಂದು ಮತ್ತೆ ಸುಮ್ಮನೆ ಇದ್ದುಬಿಟ್ಟರೆ? ನನಗೆ ಬಹಳ ಹೆದರಿಕೆಯಾಗಿದೆ. ಅಕ್ಕಿಯಲ್ಲಿ ಬರೆದವರು ನೀವು, ನೀವೇ ಕರೆಯಿರಿ. ನಿಮ್ಮ ದನಿಯಾದರೆ ಎಲ್ಲಿದ್ದರೂ ಓ ಅಂದೇನು. ಬರೂದು ಬ್ಯಾಡ್ರಿ ಅಂದಾಕಿ ನಾನ, ಈಗ ಅನ್ನಾಕಿನೂ ನಾನ. ಬರ್ರಿ.