ತಾನಾಗಿ ಕರಗುವ ಪಟ್ಟಿ

ಎರಡನೆಯ ಬೇಸಿಗೆ, ನಲವತ್ತೊಂದನೆಯ ತಾರೀಖು, 2187
ಹಳೆಯ ಫರ್ಶಿಕಲ್ಲಿನ ಗಣಿ, ಶಹಾಬಾದ್

ಗಾಯಕ್ಕೆ ಹಚ್ಚುವ ಲೋಳೆಯನ್ನು ಈಗಷ್ಟೇ ತಯಾರಿಸಲು ಹೊರಟಿರುವವರಿಗೆ,

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಬೇಸಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಅದರ ದಿನಗಳನ್ನು ತಿಂಗಳುಗಳಿಗೆ ಹಂಚುವುದನ್ನು ಬಿಟ್ಟು ಬಹಳ ಕಾಲವಾಯಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಪುಸ್ತಕಗಳಿಂದ. ಅವುಗಳಲ್ಲಿ ಹೆಚ್ಚಿನವು ದೂರದ ದೇಶಗಳ ಕತೆಗಳ ಅನುವಾದ.

ನನ್ನ ಹೆಸರು ಮಹಾನಂದಾ. ನಿಮ್ಮವರು ಕಲ್ಲು ತೆಗೆದು ಬಿಟ್ಟುಹೋದ ಗಣಿಗಳ ಗೋಡೆ ಕೊರೆದು ಮಾಡಿದ ಕೋಣೆಗಳಲ್ಲಿ ನಾವು ವಾಸಿಸುತ್ತೇವೆ. ಮೇಲೆ ಇರಲಾಗದಷ್ಟು ಬಿಸಿಲು. ಕತ್ತಲಾದ ಮೇಲೂ ಕಲ್ಲು ಕಾದೇ ಇರುತ್ತದೆ. ಬೇಸಿಗೆಯಲ್ಲಿ ಒಂದು ಗಣಿಯಿಂದ ಇನ್ನೊಂದಕ್ಕೆ ಹೋಗಲು ಬಿಸಿಲುಚೀಟಿ ಬೇಕು. ಅದನ್ನು ಕೆಲಸವಿದ್ದವರಿಗೆ ಮಾತ್ರ ಕೊಡುತ್ತಾರೆ. ಯಾರನ್ನಾದರೂ ಸುಮ್ಮನೆ ನೋಡಿಬರುವುದು ಕೆಲಸವಲ್ಲ. ನಿಯಮ ಕ್ರೂರವೆಂದು ನಾನು ಹೇಳಲಾರೆ. ಅದು ಬರುವ ಮೊದಲು ದಾರಿಯಲ್ಲೇ ಸತ್ತವರು ಅನೇಕರು. ಆದರೆ ನನ್ನಂಥ ಒಂಟಿಯ ಕೋಣೆಗೆ ಯಾರಾದರೂ ಬರಬೇಕಾದರೆ ನನಗೊಂದು ಕಾಯಿಲೆ ಇರಬೇಕು.

ಇತ್ತು. ಸಕ್ಕರೆ ಕಾಯಿಲೆಯಿಂದ ಅಂಗಾಲಿನಲ್ಲಿ ಆದ ಗಾಯ, ಮಾಯದ ಗಾಯ. ಅದಕ್ಕೆ ದಿನಪಟ್ಟಿ ಹಾಕುತ್ತಿದ್ದರು. ಲೋಳೆಸರದ ತಿರುಳಿನಂಥ ತೆಳು ಹಾಳೆ, ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು. ಕಣಗಳಿಂದ ಬೆಳ್ಳಿ ಮೆಲ್ಲಗೆ ಒಸರಿ ಕೀವಿನ ಕ್ರಿಮಿಗಳನ್ನು ಕೊಲ್ಲುತ್ತದೆ. ಒಂದು ದಿನಕ್ಕೆ ಬೆಳ್ಳಿ ಮುಗಿಯುತ್ತದೆ. ಪಟ್ಟಿ ತೆಗೆದು, ತೊಳೆದು, ಹೊಸದು ಹಾಕಬೇಕು. ಈ ಕೆಲಸ ಮಾಡುವವರನ್ನು ನಾವು ಬಿಚ್ಚುವವರು ಅನ್ನುತ್ತೇವೆ. ನನಗೆ ಬಿಚ್ಚುವವಳು ಪಕ್ಕದ ಗಣಿಯ ತಾಜುಬಿ.

ಪಟ್ಟಿ ಬಿಚ್ಚುವಾಗ ರೋಗಿ ಮಾತಾಡುತ್ತಲೇ ಇರಬೇಕೆಂಬುದು ನಮ್ಮಲ್ಲಿ ವಾಡಿಕೆ. ಹತ್ತಿಬಟ್ಟೆ ಗಾಯಕ್ಕೆ ಅಂಟಿಕೊಳ್ಳುತ್ತಿದ್ದ ಕಾಲದ್ದು ಅದು. ದನಿ ಎಲ್ಲಿ ತಡವರಿಸಿತು ಎಂಬುದರಿಂದ ಎಲ್ಲಿ ನೋವೆಂದು ತಿಳಿಯುತ್ತಿತ್ತಂತೆ. ಲೋಳೆ ಅಂಟುವುದಿಲ್ಲ, ನೋಯುವುದೂ ಇಲ್ಲ. ವಾಡಿಕೆ ಮಾತ್ರ ಉಳಿಯಿತು. ನಾನು ಮಾತಿನವಳಲ್ಲ. ತಾಜುಬಿ ಬಿಡುತ್ತಿರಲಿಲ್ಲ: “ಸುಮ್ಮನ ಕುಂತ್ರ ಬಿಚ್ಚಂಗಿಲ್ಲ ನೋಡಕ್ಕಾ, ಏನರ ಒದರು.” ಹಾಗಾಗಿ ಓದಿದ ಕತೆಗಳನ್ನು ಹೇಳತೊಡಗಿದೆ. ಹಿಮದಲ್ಲಿ ದಾರಿ ತಪ್ಪಿದ ಒಬ್ಬನ ಕತೆ ಬಹಳ ದಿನ ನಡೆಯಿತು. “ಇನ್ನಾ ಅಲ್ಲೇ ನಿಂತಾನೇನ್ ಆ ಗಂಡಸು? ಮನಿಗಿ ಹೋಗಂತ ಹೇಳಕ್ಕಾ ಅವನಿಗಿ. ತಣ್ಣಗ ಅದಂತ ಅಲ್ಲೇ ಕುಂತಾನೇನು!” ಎಂದು ನನ್ನ ಕಾಲು ಹಿಡಿದುಕೊಂಡೇ ನಗುತ್ತಿದ್ದಳು.

ಈ ಬೇಸಿಗೆಯ ಒಂದು ದಿನ ಅವಳು ಬಂದವಳೇ ಹೊಸ್ತಿಲಲ್ಲಿ ಕುಸಿದಳು. ತುಟಿ ಬಿಳಿಚಿತ್ತು, ಮಾತು ಹೊರಡಲಿಲ್ಲ. ಕುಡಿಯಲು ಇಟ್ಟಿದ್ದ ನೀರನ್ನೆಲ್ಲ ಅವಳ ತಲೆಗೆ ಸುರಿದೆ. ಮರುದಿನ ಮತ್ತೆ ಬಂದಳು.

ಅದೇ ವಾರ ಆರೋಗ್ಯ ಕೇಂದ್ರಕ್ಕೆ ಹೊಸ ಪಟ್ಟಿ ಬಂತು. ಕ್ರಿಮಿ ಇದ್ದಾಗ ಮಾತ್ರ ಅದು ಬೆಳ್ಳಿ ಬಿಡುತ್ತದೆ, ಬೇಕಾದ ತೇವವನ್ನು ಗಾಳಿಯಿಂದಲೇ ಹೀರುತ್ತದೆ, ಗಾಯ ಮುಚ್ಚಿದೊಡನೆ ತಾನಾಗಿ ಕರಗಿಹೋಗುತ್ತದೆ. ಯಾವುದು ಬೇಕೆಂದು ರೋಗಿಯೇ ಹೇಳಬೇಕು. ಚೀಲದಲ್ಲಿ ಎರಡನ್ನೂ ತಂದ ತಾಜುಬಿ, “ದಿನದ್ದೇ ಬೇಕು ಅನ್ನು. ನಿನ್ನ ಕಾಲು, ನಿನ್ನ ಮಾತೇ ನಡೀತದ” ಅಂದಳು. ನಾನು ಹೊಸದು ಬೇಕೆಂದೆ. ತಮಾಷೆಯೆಂದುಕೊಂಡು ನಕ್ಕಳು. ಆಮೇಲೆ, “ನಾ ಬರೋದು ಬ್ಯಾಡಾಗ್ಯಾದೇನ್ ನಿನಗ?” ಎಂದು ಕೇಳಿದಳು.

ಬಿಸಿಲಿನ ಕಾರಣ ಹೇಳಿದ್ದರೆ ಅವಳು ಹೊಸ ಪಟ್ಟಿ ಹಾಕುತ್ತಿರಲಿಲ್ಲ. ಕಾಲನ್ನು ಅವಳ ಮುಂದೆ ಚಾಚಿದೆ. ಅವಳು ಪಟ್ಟಿಯ ಅಂಚುಗಳನ್ನು ಎಂದಿಗಿಂತ ನಿಧಾನವಾಗಿ ಒತ್ತಿದಳು. ಆ ದಿನ ಇಬ್ಬರೂ ಮಾತಾಡಲಿಲ್ಲ. ಈಗ ಆ ಕಾರಣ ಹೇಳಿಕಳಿಸಿದರೆ ನಾಳೆಯೇ ಹಳೆಯ ಪಟ್ಟಿ ಹಿಡಿದು ಬಿಸಿಲಲ್ಲಿ ಹೊರಟುಬಿಡುತ್ತಾಳೆ. ಎರಡು ಬೇಸಿಗೆಗಳ ನಡುವೆ ಚೀಟಿಯಿಲ್ಲದವರಿಗೂ ದಾರಿ ತೆರೆಯುತ್ತದೆ, ನಿಜ. ಆದರೆ ಬೇಡವೆಂದವಳ ಮನೆಗೆ ಅವಳು ಬಂದಾಳೆಂದು ನನಗೆ ಅನ್ನಿಸುವುದಿಲ್ಲ. ನಾನೇ ಹೋಗೋಣವೆಂದರೆ, ಈ ಕಾಲಲ್ಲಿ ಗಣಿಯ ಅಷ್ಟು ಮೆಟ್ಟಿಲು ಹತ್ತಲಾರೆ.

ನಿಮ್ಮ ಪ್ರಯತ್ನ ಕೈಗೂಡದಿರಲಿ ಎಂದು ನಾನು ಕೇಳುತ್ತಿಲ್ಲ. ನಿಮ್ಮ ಕಾಲದಲ್ಲಿ ಇಂಥ ಗಾಯಕ್ಕೆ ಕಾಲನ್ನೇ ಕತ್ತರಿಸುತ್ತಿದ್ದರೆಂದು ಓದಿದ್ದೇನೆ. ಬೆಳ್ಳಿಯನ್ನು ಲೋಳೆಯಲ್ಲಿ ಹೆಚ್ಚು ದಿನ ಹಿಡಿದಿಡಿ, ಕ್ರಿಮಿಗಳನ್ನು ಕೊಲ್ಲಿ, ಚರ್ಮ ಬೆಳೆಯಲು ಬಿಡಿ. ಪಟ್ಟಿ ತಾನಾಗಿ ಕರಗುವಂತೆ ಮಾತ್ರ ಮಾಡಬೇಡಿ. ಗಾಯ ಮುಚ್ಚಿದ ದಿನ ಅದನ್ನು ತೆಗೆಯಲು ಇನ್ನೊಬ್ಬರ ಕೈ ಬೇಕಾಗಲಿ. ಆಗ ಅದು ಕೆಲಸವಾಗುತ್ತದೆ. ಬಿಸಿಲು ಕಡಿಮೆಯಿರುವ ಒಂದು ದಿನಕ್ಕೆ ಚೀಟಿ ಬರೆಸಬಹುದು. ಅವಳು ಮುನಿಸಿಕೊಂಡೇ ಬರಲಿ, ನನ್ನ ಕಾಲು ಕೈಗೆತ್ತಿಕೊಂಡಾಗ ನಾನು ಕಾರಣ ಹೇಳುತ್ತೇನೆ. ಕೇಳುವುದು ಇಷ್ಟೇ.

ನನ್ನ ಗಾಯ ಚೆನ್ನಾಗಿ ಮಾಯುತ್ತಿದೆ. ಅಂಚುಗಳು ಒಂದಕ್ಕೊಂದು ಹತ್ತಿರ ಬಂದಿವೆ, ನೋವಿಲ್ಲ. ಹೇಳಲು ಇಲ್ಲಿ ಯಾರೂ ಇಲ್ಲದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಮಹಾನಂದಾ